ನನ್ನ ಕೈಯ ಬೋಣಿ

ಗಂಗಾವತಿಯ ಪೇಟೆಯಲ್ಲಿರುವ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವುದು ನನ್ನ ಕೆಲಸ. ಸೀರೆ ಮಾರುತ್ತೇನೆ ಅಂತ ನಾನು ಯಾವತ್ತೂ ಹೇಳಿಕೊಳ್ಳುವುದಿಲ್ಲ. ಮಾರುವವರು ಸಾಹುಕಾರರು, ಕೊಳ್ಳುವವರು ಗಿರಾಕಿಗಳು, ನಡುವೆ ಮಡಿಕೆ ಬಿಚ್ಚಿ, ಸೆರಗು ಹರವಿ, ಗಂಟಲು ಒಣಗುವ ತನಕ ಮಾತಾಡಿ, ಕಡೆಗೆ “ಇದರಾಗ ಬ್ಯಾರೆ ಬಣ್ಣ ಇಲ್ಲೇನು?” ಅನ್ನಿಸಿಕೊಂಡು ಎಲ್ಲವನ್ನೂ ಮತ್ತೆ ಮಡಿಚಿಡುವವನು ನಾನು. ನನ್ನದು ಯಲಬುರ್ಗಾ ಕಡೆಯ ಊರು, ತಳಕಲ್ಲಿಗೆ ಹತ್ತಿರ. ನಮ್ಮಪ್ಪ ಒಕ್ಕಲುತನದವನು. ಹೊಲದಲ್ಲಿ ನಾನು ಕಳೆ ಕೀಳುವುದಕ್ಕಿಂತ ಆಳುಗಳನ್ನು ನಗಿಸುವುದೇ ಜಾಸ್ತಿಯಾದಾಗ ಅವನು ಒಂದು ದಿನ ಕುಡಗೋಲು ಕೆಳಗಿಟ್ಟು, “ಈ ಬಾಯಿ ಹೊಲದಾಗ ಹಾಳಾಗೂದು ಬ್ಯಾಡ, ಎಲ್ಲ್ಯರ ಅಂಗಡ್ಯಾಗ ಹೋಗಿ ಬಡಕೊಳ್ಳಲಿ” ಅಂದ. ಹಾಗೆ ನಾನು ಗಂಗಾವತಿಗೆ ಬಂದೆ. ಬಾಯಿ ಅನ್ನ ಹಾಕಿತು.

ನಮ್ಮದು ಹಳೆಯ ಪದ್ಧತಿಯ ಅಂಗಡಿ. ಸುತ್ತ ಎಷ್ಟೇ ಗಾಜಿನ ಶೋರೂಮುಗಳು ಎದ್ದರೂ ನಮ್ಮಲ್ಲಿ ಈಗಲೂ ಬಿಳಿ ಬಟ್ಟೆ ಹೊದಿಸಿದ ಗಾದಿ, ಗಾದಿಯ ಮೇಲೆ ಕೂತೇ ವ್ಯಾಪಾರ. ಮದುವೆಯ ಜವಳಿ ತೆಗೆಯಲು ಕುಷ್ಟಗಿ, ಕನಕಗಿರಿ, ಹುಲಿಹೈದರದ ಕಡೆಯಿಂದ ಮಂದಿ ಟಂಟಂ ತುಂಬಿಕೊಂಡು ಬರುತ್ತಾರೆ. ಕಾಲುವೆ ನೀರಿಗೆ ಬಂದು ಗದ್ದೆ ಮಾಡಿ ನೆಲೆಸಿದ ಕ್ಯಾಂಪುಗಳ ತೆಲುಗಿನವರು ಕಾರಿನಲ್ಲಿ ಬರುತ್ತಾರೆ. ಇಳಕಲ್ ಸೀರೆ ಉಡುವವರ ಜೊತೆ ಒಂದು ಮಾತು, ಕಂಚಿಪಟ್ಟು ಕೇಳುವವರ ಜೊತೆ ಇನ್ನೊಂದು ಮಾತು. ಎರಡೂ ನನಗೆ ಬರುತ್ತವೆ, ಇದರಲ್ಲಿ ಸುಳ್ಳಿಲ್ಲ.

ಬೋಣಿ ಅಂದರೆ ದಿನದ ಮೊದಲ ವ್ಯಾಪಾರ. ಯಾವ ಅಂಗಡಿಯವನಿಗೂ ಅದು ದೊಡ್ಡದೇ. ನಮ್ಮ ಅಂಗಡಿಯಲ್ಲಂತೂ ಅದು ದೇವರ ಕೆಲಸ. ಮೊದಲ ಗಿರಾಕಿ ಬರಿಗೈಯಲ್ಲಿ ಮೆಟ್ಟಿಲಿಳಿಯಬಾರದು. ಒಂದು ಕರ್ಚೀಫನ್ನಾದರೂ ಕೊಂಡು ಹೋಗಬೇಕು. ಬಂದ ದುಡ್ಡನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಬೇಕು. ಬೋಣಿ ಕೆಟ್ಟರೆ ದಿನ ಕೆಟ್ಟಿತು ಅಂತಲೇ ಲೆಕ್ಕ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬೆಳಗ್ಗೆ ಉಳಿದವರು ಇನ್ನೂ ಬಂದಿರಲಿಲ್ಲ. ಒಬ್ಬ ಮುದುಕಿ ಕುಪ್ಪಸದ ಖಣ ಕೇಳಿಕೊಂಡು ಬಂದಳು. ನಾನು ತೋರಿಸಿದೆ, ಅವಳು ತಗೊಂಡಳು. ಆವತ್ತು ಮದುವೆ ಗಿರಾಕಿಗಳು ಒಂದರ ಹಿಂದೊಂದು ಬಂದು ಅಂಗಡಿಯಲ್ಲಿ ಕಾಲಿಡಲು ಜಾಗ ಇಲ್ಲದಂತಾಯಿತು. ಸಾಹುಕಾರರ ತಾಯಿ ಅಂಗಡಿಯ ಮೇಲಿನ ಮನೆಯಲ್ಲೇ ಇರುತ್ತಾರೆ. ಅವರನ್ನು ನಾವೆಲ್ಲ ಅವ್ವಾರು ಅನ್ನುತ್ತೇವೆ. ಸಂಜೆ ಅವರು ಕೆಳಗೆ ಬಂದು, ಗಾದಿಯ ಮೇಲೆ ಗುಡ್ಡೆ ಬಿದ್ದಿದ್ದ ಸೀರೆಗಳನ್ನು ನೋಡಿ, “ಮುಂಜಾನಿ ಬೋಣಿ ಯಾರ ಮಾಡಿದ್ದು?” ಅಂತ ಕೇಳಿದರು. ಉಳಿದವರು ನನ್ನನ್ನು ತೋರಿಸಿದರು. “ಇವನ ಕೈಗುಣ ಭಾಳ ಛಲೋ ಐತಿ. ನಾಳಿಂದ ಇವನ ಮಾಡ್ಲಿ” ಅಂದರು ಅವ್ವಾರು. ಅವ್ವಾರ ಮಾತಿಗೆ ನಮ್ಮಲ್ಲಿ ಎದುರು ಮಾತಿಲ್ಲ.

ಮೊದಮೊದಲು ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮದುವೆಯಾದಾಗ ಹೆಂಡತಿಗೆ ಹೇಳಿದ ಮೊದಲ ಜಂಬದ ಮಾತು ಅದೇ. ಅವಳು, “ಹಂಗಂದ್ರ ನಮ್ಮನಿ ಬೋಣಿ ಯಾರು ಮಾಡ್ತಾರ?” ಅಂತ ನಕ್ಕಳು. ವರ್ಷಗಳು ಹೋದವು. ಕೈಗುಣ ಅನ್ನುವುದು ನನ್ನ ಕೈಬಿಡಲಿಲ್ಲ. ಎಲ್ಲರಿಗಿಂತ ಮೊದಲು ಬರಬೇಕು. ಸೂಟಿ ತಗೊಳ್ಳುವ ಹಾಗಿಲ್ಲ. ತಂಗಿಯ ಮಗನ ಜವಳಕ್ಕೆ ಕುಷ್ಟಗಿಗೆ ಹೋಗಬೇಕೆಂದರೂ, “ಬೋಣಿ ಮಾಡಿ ಹೋಗಪಾ, ಮಧ್ಯಾಹ್ನದ ಬಸ್ಸಿಗಿ ಹೋಗಾಕ ಬರ್ತೈತಲ್ಲ” ಅಂದರು. ಜವಳ ಮುಗಿದು, ಉಂಡವರು ಎಲೆ ಅಡಿಕೆ ಹಾಕಿಕೊಂಡು ಕೂತ ಹೊತ್ತಿಗೆ ನಾನು ಹೋಗಿ ಮುಟ್ಟಿದೆ. ಮಾವ ಬಂದ ಅಂತ ಹುಡುಗನ ಬೋಳುತಲೆ ತಂದು ತೋರಿಸಿದರು.

ಆಮೇಲೆ ವ್ಯಾಪಾರ ಇಳಿಯತೊಡಗಿತು. ಮಂದಿ ಮೊಬೈಲಿನಲ್ಲೇ ಸೀರೆ ನೋಡಿ ಮೊಬೈಲಿನಲ್ಲೇ ತರಿಸಿಕೊಳ್ಳುತ್ತಾರೆ. ಹಳ್ಳಿ ಮಂದಿಗೂ ಏಸಿ ಇರುವ ಶೋರೂಮು ಬೇಕು. ಇದು ನನಗೂ ಗೊತ್ತು, ಸಾಹುಕಾರರಿಗೂ ಗೊತ್ತು. ಆದರೂ ಮಧ್ಯಾಹ್ನದ ತನಕ ಗಾದಿ ಖಾಲಿ ಬಿದ್ದರೆ ಯಾರಾದರೊಬ್ಬರು ನನ್ನ ಕಡೆ ತಿರುಗಿ, “ಏನಪಾ, ಇವತ್ತ ಮುಂಜಾನೆದ್ದು ಯಾರ ಮಾರಿ ನೋಡಿ ಬಂದಿ?” ಅನ್ನುತ್ತಿದ್ದರು. ಚೇಷ್ಟೆಯೇ. ನಾನೂ ನಗುತ್ತಿದ್ದೆ. “ಕನ್ನಡ್ಯಾಗ ನನ್ನ ಮಾರಿನ ನೋಡಿದ್ನೆಪಾ, ಅದಕ್ಕ ಹಿಂಗಾತು” ಅಂತ ಉತ್ತರ ಕೊಡುತ್ತಿದ್ದೆ. ನಗಿಸಿದವನು ನಾನೇ, ಮನೆಗೆ ಹೋಗಿ ರೊಟ್ಟಿ ಮುರಿಯುವಾಗ ಅದೇ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಯಾವಾಗ ಹೆದರಿಕೆ ಒಳಗೆ ಬಂದು ಕೂತಿತೋ ನನಗೆ ತಿಳಿಯದು. ಮೊದಲು ಬಲಗಾಲಿಟ್ಟು ಮೆಟ್ಟಿಲು ಹತ್ತುವುದು. ಆಮೇಲೆ ವ್ಯಾಪಾರ ಚೆನ್ನಾಗಿ ಆದ ದಿನ ಹಾಕಿದ್ದ ಅಂಗಿಯನ್ನೇ ಮತ್ತೆ ಮತ್ತೆ ಹಾಕುವುದು. ಆಮೇಲೆ ದಾರಿ. ಹೂವಿನ ಅಂಗಡಿಯ ಕಡೆಯಿಂದ ಬಂದ ದಿನ ವ್ಯಾಪಾರ ಬಿದ್ದಿತ್ತೆಂದು ಆ ದಾರಿ ಬಿಟ್ಟೆ. ಮಗಳು ಬೆಳಗ್ಗೆ ಸೀನಿದರೆ ಬಯ್ದೆ. ಪಾಪ, ನೆಗಡಿಯಾದ ಕೂಸು ಸೀನದೆ ಏನು ಮಾಡಬೇಕು? ಮೊದಲ ಗಿರಾಕಿ ಮೆಟ್ಟಿಲು ಹತ್ತುವುದು ಕಂಡರೆ ಎದೆ ಡವಡವ, ಕೈಯಲ್ಲಿ ಬೆವರು. ಸೀರೆ ತೋರಿಸುವವನ ಕೈ ಬೆವರಬಾರದು. ತಿಳಿ ಬಣ್ಣದ ರೇಷ್ಮೆಗೆ ಕಲೆ ಬೀಳುತ್ತದೆ. ಮೊಣಕಾಲ ಕೆಳಗೆ ಒಂದು ಟವೆಲ್ಲು ಬಚ್ಚಿಟ್ಟುಕೊಂಡು ಕೂರತೊಡಗಿದೆ. ಡಾಕ್ಟರಿಗೆ ತೋರಿಸಿದರೆ ಎದೆಯ ಇಸಿಜಿ ಪಟ್ಟಿ ತೆಗೆಸಿ, “ಏನೂ ಇಲ್ಲ, ಗ್ಯಾಸ್” ಅಂದರು. ನಮ್ಮ ಕಡೆ ತಿಳಿಯದ ಬೇನೆಗೆಲ್ಲ ಗ್ಯಾಸ್ ಅಂತ ಒಂದು ಹೆಸರಿದೆ. ಓಮದ ಕಾಳು ಅಗಿದೆ, ಸೋಡಾ ಕುಡಿದೆ, ಹೆಂಡತಿ ಕಟ್ಟಿಸಿದ ತಾಯಿತ ಕಟ್ಟಿಕೊಂಡೆ.

ಯಾರಿಗಾದರೂ ಹೇಳಬಹುದಿತ್ತು ಅಂತ ಈಗ ಅನ್ನುವವರಿದ್ದಾರೆ. ಏನಂತ ಹೇಳುವುದು? ಗಂಡಸು, ಮೀಸೆ ನರೆತವನು, ಖಣ ಕೊಳ್ಳಲು ಬರುವ ಹೆಣ್ಣುಮಗಳನ್ನು ಕಂಡು ಹೆದರುತ್ತೇನೆ ಅಂತಲೇ? ಎಲ್ಲರೂ ಕೊಟ್ಟ ಮರ್ಯಾದೆ ಅದು. ಬಾಯಲ್ಲಿಟ್ಟುಕೊಂಡ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನನಗೆ ಗೊತ್ತಿದ್ದದ್ದು ಈ ಒಂದೇ ಕೆಲಸ. ಗಾದಿಯ ಮೇಲೆ ಕೂರಲು ಆಗದೆ ಹೋದರೆ ನಾನು ಯಾವುದಕ್ಕೂ ಬಾರದವನು, ಅಷ್ಟು ನನಗೆ ಗೊತ್ತಿತ್ತು.

ನಾನು ಮಂಕಾದದ್ದು ಸಾಹುಕಾರರ ಕಣ್ಣಿಗೆ ಬಿದ್ದಿತ್ತು. ಅವರು ಕೆಟ್ಟವರಲ್ಲ. ಇಷ್ಟು ವರ್ಷ ದುಡಿದವನಿಗೆ ತಾವು ಏನೂ ಮಾಡಲಿಲ್ಲವಲ್ಲ, ಅದಕ್ಕೇ ಇವನ ಮನಸ್ಸು ಮುರಿದಿದೆ ಅಂತ ಅವರು ತಿಳಿದರು. ದೀಪಾವಳಿಯ ಲಕ್ಷ್ಮೀಪೂಜೆಗೆ ಅಂಗಡಿಗೆ ಬಾಳೆಕಂಬ ಕಟ್ಟಿ, ಚೆಂಡುಹೂವು ಹಾಕಿ, ಪೇಟೆಯ ವ್ಯಾಪಾರಸ್ಥರನ್ನೆಲ್ಲ ಕರೆದಿದ್ದರು. ಪೂಜೆ ಮುಗಿದು ಫಳಾರ ಹಂಚುವ ಹೊತ್ತಿಗೆ ಸಾಹುಕಾರರು ನನ್ನ ಹೆಸರು ಹಿಡಿದು ಕರೆದರು. ಮೈಸೂರು ಪೇಟ ಇಟ್ಟರು, ಶಾಲು ಹೊದಿಸಿದರು, ಮಾಲೆ ಹಾಕಿದರು. “ಈ ಅಂಗಡಿ ನಿಂತದ್ದ ಇವನ ಕೈಮ್ಯಾಲೆ. ಇವ ಇರೂತನ ನಮಗೇನೂ ಆಗೂದಿಲ್ಲ” ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೊಬೈಲುಗಳು ಮೇಲೆದ್ದವು. ನನ್ನ ಫೋಟೋ ಎಷ್ಟೋ ಜನರ ಸ್ಟೇಟಸ್ಸಿಗೆ ಹೋಯಿತು. ಅದನ್ನು ನೋಡಿದರೆ ಈಗಲೂ ನಗು ಬರುತ್ತದೆ: ಪೇಟ ಕಣ್ಣಿನ ತನಕ ಇಳಿದಿದೆ, ಕೆಳಗಿನ ಮುಖ ಪೊಲೀಸರು ಹಿಡಿದು ತಂದವನದು.

ಮರುದಿನ ಪಾಡ್ಯ, ಅಂಗಡಿಗೆ ಸೂಟಿ. ಅದರ ಮರುದಿನ ಬೆಳಗ್ಗೆ ಅಂಗಡಿಯ ಎದುರಿನ ರಸ್ತೆಯ ತನಕ ಬಂದೆ. ದಾಟಲು ಆಗಲಿಲ್ಲ. ಕಾಲೇ ಏಳಲಿಲ್ಲ. ಆ ಕಡೆ ಬಾಗಿಲು ತೆರೆದಿತ್ತು, ಸಾಹುಕಾರರು ಊದಿನಕಡ್ಡಿ ಬೆಳಗುತ್ತಿದ್ದರು. ನಾನು ತಿರುಗಿ ನಡೆದವನು ಬಸ್ ಸ್ಟ್ಯಾಂಡಿಗೆ ಹೋಗಿ ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟೆ. ಮೈಯಲ್ಲಿ ಜ್ವರ ಅಂತ ಅಂಗಡಿಗೆ ಫೋನು ಮಾಡಿದೆ. ಮನೆಯಲ್ಲಿ ಏನೂ ಹೇಳಲಿಲ್ಲ. ಅಂದಿನಿಂದ ದಿನವೂ ಬುತ್ತಿ ಕಟ್ಟಿಸಿಕೊಂಡು ಬರುವುದು, ಕೊಪ್ಪಳ, ಕುಷ್ಟಗಿ, ಸಿಂಧನೂರು ಬಸ್ಸುಗಳು ಬಂದು ಹೋಗುವುದನ್ನು ನೋಡುತ್ತ ಕೂರುವುದು, ಅಲ್ಲೇ ಉಣ್ಣುವುದು. ಹೆಂಡತಿ ಪಾಲಿಗೆ ನಾನು ಅಂಗಡಿಯಲ್ಲಿ, ಅಂಗಡಿಯವರ ಪಾಲಿಗೆ ಮನೆಯಲ್ಲಿ. ಎಲ್ಲೂ ಇಲ್ಲದವನ ಪಾಡು ಎಂಥದೆಂದು ಆ ಬೆಂಚಿನ ಮೇಲೆ ಕಂಡೆ. ಒಂದು ದಿನ ಇಟಗಿಗೆ ಹೋಗಿ ಮಹಾದೇವನ ಗುಡಿಯ ಕಂಬಕ್ಕೆ ಒರಗಿ ಕೂತು ಬಂದೆ. ಅಲ್ಲಿ ಸ್ವಲ್ಪ ನಿದ್ದೆ ಬಂತು. ಇನ್ನೊಂದು ದಿನ ಕಾಲುವೆಯ ದಂಡೆಗೆ ಹೋಗಿದ್ದೆ. ನೀರು ತುಂಬಿ ಹರಿಯುತ್ತಿತ್ತು. ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತೆ. ಯಾಕೆ ಹೋಗಿದ್ದೆ ಅಂತ ನನಗೆ ಗೊತ್ತು, ಅದನ್ನು ಮುಚ್ಚಿಡುವುದಿಲ್ಲ. ಎಮ್ಮೆ ಮೈತೊಳೆಯಲು ಬಂದ ಮುದುಕನೊಬ್ಬ, “ತಮ್ಮಾ, ಈ ಹಗ್ಗ ಒಂದೀಟ ಹಿಡಿ” ಅಂದ. ಹಿಡಿದೆ. ಅವನ ಎಮ್ಮೆ ತೊಳೆದಾಗುವ ಹೊತ್ತಿಗೆ ನನ್ನ ಪ್ಯಾಂಟೆಲ್ಲ ನೆನೆದಿತ್ತು. ಮತ್ತೆ ಬೆಂಚಿಗೇ ಬಂದು ಕೂತೆ.

ಕುಷ್ಟಗಿಯ ಗಿರಾಕಿಗಳಿಗೆ ಬಸ್ಸಿನಲ್ಲಿ ಸೀರೆಯ ಗಂಟು ಕಳಿಸುವುದು ನಮ್ಮ ಅಂಗಡಿಯ ರೂಢಿ. ಆವತ್ತು ಆ ಕೆಲಸಕ್ಕೆ ಆಳು ಸಿಗದೆ ಸಾಹುಕಾರರೇ ಗಂಟು ಹಿಡಿದು ಬಂದಿದ್ದರು. ಕಂಡಕ್ಟರನ ಕೈಗೆ ಕೊಟ್ಟು ತಿರುಗಿದರೆ ಎದುರಿಗೆ ನಾನು, ತೊಡೆಯ ಮೇಲೆ ಬುತ್ತಿ ಬಿಚ್ಚಿಕೊಂಡು ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದೇನೆ. ಜ್ವರ ಬಂದವನು! ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅವರು ಬಂದು ಪಕ್ಕದಲ್ಲಿ ಕೂತರು. ನಾನು ಉಣ್ಣುವುದನ್ನು ಬಿಟ್ಟೆ.

“ಉಣ್ಣಪಾ, ಮೊದಲ ಉಣ್ಣು” ಅಂದರು. ನಾನು ರೊಟ್ಟಿಯನ್ನು ಬುತ್ತಿಗೆ ಮಡಿಚಿಟ್ಟೆ. ಅವರು ಮೆಲ್ಲಗೆ, “ಹೊಸಾ ಶೋರೂಮಿನವರು ಕರದಾರೇನು? ಖರೇ ಹೇಳು. ಪಗಾರ ನಾನೂ ಜಾಸ್ತಿ ಮಾಡ್ತೀನಿ” ಅಂದರು.

ಸಿಟ್ಟು ಬಂತು ನೋಡಿ ನನಗೆ! ಇಷ್ಟು ದಿನ ಒಳಗೆ ಒತ್ತಿಟ್ಟದ್ದೆಲ್ಲ ಕುದ್ದು ಬಂತು. “ಸಾವ್ಕಾರ್ರ, ನಿಮ್ಮ ಪಗಾರ ನಿಮ್ಮ ಹತ್ರನ ಇರ್ಲಿ. ನನ್ನ ಕಡಿಂದ ಬೋಣಿ ಮಾಡಸಬ್ಯಾಡ್ರಿ. ಇಷ್ಟ ಮಾಡ್ರಿ, ಕೈ ಮುಗೀತೀನಿ” ಅಂದೆ. ಅಂದದ್ದೇ ತಡ, ಅಳು ಒತ್ತರಿಸಿ ಬಂತು. ತುಂಬಿದ ಬಸ್ ಸ್ಟ್ಯಾಂಡಿನಲ್ಲಿ, ಪುಂಡಿಪಲ್ಯದ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಅವರು ಮೊದಲು ನಕ್ಕರು. ಚೇಷ್ಟೆ ಅಂತ ತಿಳಿದಿದ್ದರೇನೋ. ಆಮೇಲೆ ನಗು ನಿಂತಿತು. “ಬೋಣಿ?” ಅಂದರು. “ಬೋಣಿ ಮಾಡಾಕ ಅಂಜಿಕಿ ಆಗ್ತೈತೇನೋ ನಿನಗ?” ನಾನು ಎಲ್ಲ ಹೇಳಿದೆ. ಅಂಗಿ, ದಾರಿ, ಬೆವರು, ಮಗಳ ಸೀನು, ಕಾಲುವೆ. ಕಾಲುವೆಯ ಮಾತು ಬಂದಾಗ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಬಿಡಲೇ ಇಲ್ಲ. “ಶಾಲು ಹೊಚ್ಚಿ ನಾನ ನಿನ್ನ ಇಲ್ಲಿ ತಂದು ಕೂಡಿಸಿದ್ನೆಲ್ಲೋ” ಅಂದರು. ಕುಷ್ಟಗಿ ಬಸ್ಸು ಹೊರಟಿತು. ನನಗೆ ಕೈ ತೊಳೆಯಲು ಅವರೇ ನಲ್ಲಿಯ ತನಕ ಬಂದರು.

ಆ ರಾತ್ರಿ ಹೆಂಡತಿಗೂ ಎಲ್ಲ ಹೇಳಿದೆ. ಎರಡು ದಿನ ಬಿಟ್ಟು ಸಾಹುಕಾರರು ಮನೆಗೇ ಬಂದು, ಕೊಪ್ಪಳದಲ್ಲಿ ಮನಸ್ಸಿನ ಬೇನೆಗೆ ನೋಡುವ ಡಾಕ್ಟರು ಇದ್ದಾರೆ, ಹೋಗೋಣ ಅಂದರು. ನಾನು ಮತ್ತೆ ರೇಗಿದೆ. “ನಾನೇನ ಹುಚ್ಚ ಏನ್ರಿ?” ಅವರು ಸಮಾಧಾನವಾಗಿಯೇ, “ಹುಚ್ಚ ಇದ್ರ ಇಷ್ಟ ಚಂದ ಬಡದಾಡ್ತಿದ್ದಿಲ್ಲ. ನಡಿ, ನಾನೂ ಬರ್ತೀನಿ. ಅಂಗಡಿ ಏನ ಓಡಿ ಹೋಗೂದಿಲ್ಲ” ಅಂದರು. ಹೆಂಡತಿ ಆಗಲೇ ನನ್ನ ಅಂಗಿ ತಂದು ಕೈಗಿಟ್ಟಿದ್ದಳು. ಬೇರೆ ಅಂಗಿ. ಆ ಹಳೆಯದನ್ನು ಅವಳು ನೆಲ ಒರೆಸಲು ಹಾಕಿದ್ದಳು.

ಕೊಪ್ಪಳದ ಆ ದವಾಖಾನೆಯ ಹೊರಗೆ ಉದ್ದ ಬೆಂಚು. ಮೇಲೆ ದೊಡ್ಡ ಬೋರ್ಡು, ‘ಮಾನಸಿಕ ರೋಗ ತಜ್ಞರು’ ಅಂತ. ನಾನು ಬೋರ್ಡಿಗೆ ಬೆನ್ನು ಮಾಡಿ, ಕರ್ಚೀಫು ಮುಖಕ್ಕಿಟ್ಟುಕೊಂಡು ಕೂತಿದ್ದೆ. ಆಗಬಾರದ್ದೇ ಆಯಿತು. ಪಕ್ಕದ ರಕ್ತ ಪರೀಕ್ಷೆಯ ಕೋಣೆಯಿಂದ ಯಲಬುರ್ಗಾದ ಒಬ್ಬ ಕಾಳಿನ ವ್ಯಾಪಾರಿ ಹೊರಗೆ ಬಂದರು. ಮಗಳ ಮದುವೆಯ ಜವಳಿ ನಮ್ಮಲ್ಲೇ ತೆಗೆದವರು, ಆ ಸೀರೆಗಳನ್ನೆಲ್ಲ ತೋರಿಸಿದವನು ನಾನೇ. ಅವರು ಬೋರ್ಡು ನೋಡಿದರು, ಸಾಹುಕಾರರನ್ನು ನೋಡಿದರು, ನನ್ನನ್ನು ನೋಡಿದರು. “ಏನ್ರಿ ಸಾವ್ಕಾರ್ರ, ಇಲ್ಲೆ ಯಾರಿಗಿ ತೋರ್ಸಾಕ ಬಂದೀರಿ?” ಅಂದರು. ಕಣ್ಣು ನನ್ನ ಮೇಲೇ ಇತ್ತು.

“ನನಗರಿ” ಅಂದರು ಸಾಹುಕಾರರು.

“ನಿಮಗ?”

“ಹೂನ್ರಿ. ನಿದ್ದಿ ಬರವಲ್ದು, ಎದಿ ಬಡಕೊಳ್ತೈತಿ. ಒಬ್ಬನ ಬರಾಕ ಬ್ಯಾಸರಾತು, ಇವನ್ನ ಜೋಡಿ ಕರಕೊಂಡು ಬಂದೀನಿ.”

ಆ ಮನುಷ್ಯ “ಹೌದ್ರಿ? ಆರಾಮ ಮಾಡ್ಕೋರಿ” ಅಂತ ಹೇಳಿ, ಎರಡು ಸಲ ತಿರುಗಿ ತಿರುಗಿ ನೋಡುತ್ತ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. “ಯಾಕ ಹಂಗ ಅಂದ್ರಿ? ಸಂಜಿ ಅನ್ನೂದ್ರಾಗ ಪ್ಯಾಟ್ಯಾಗೆಲ್ಲ ಸುದ್ದಿ ಆಗ್ತೈತಿ” ಅಂದೆ. ಅವರು ಬೆಂಚಿಗೆ ತಲೆ ಆನಿಸಿ, “ಆಗ್ಲಿ ಬಿಡು. ನನಗ ಹಿಂಗ ಆಗೈತಿ ಅಂದ್ರ ಮಂದಿ ಸಾವ್ಕಾರ್ಗ ಆರಾಮಿಲ್ಲ ಅಂತಾರ. ನಿನಗ ಆಗೈತಿ ಅಂದ್ರ ಹುಚ್ಚ ಅಂತಾರ. ನಿನ್ನ ಮಕ್ಕಳು ಸಾಲಿಗಿ ಹೋಗಬೇಕಲ್ಲ” ಅಂದರು. ನಾನು ಕರ್ಚೀಫನ್ನು ಮುಖದಿಂದ ತೆಗೆದು ಜೇಬಿಗಿಟ್ಟೆ.

ಡಾಕ್ಟರು ವಯಸ್ಸಿನಲ್ಲಿ ನನಗಿಂತ ಸಣ್ಣ ಹೆಣ್ಣುಮಗಳು. ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು. ಇದು ಅಂಜಿಕೆಯ ಬೇನೆ, ಗುಳಿಗೆಯಿಂದಲೂ ಮಾತಿನಿಂದಲೂ ಕಡಿಮೆಯಾಗುತ್ತದೆ, ಸಮಯ ಬೇಕು ಅಂದರು. ನೀರಿನ ಹತ್ತಿರ ಹೋಗಬೇಕು ಅನ್ನಿಸಿದರೆ ಒಬ್ಬರೇ ಇರಬೇಡಿ, ಆಗಿಂದಾಗಲೇ ಫೋನು ಮಾಡಿ ಅಂತ ನಂಬರು ಕೊಟ್ಟು, ಅದನ್ನೇ ಸಾಹುಕಾರರಿಗೂ ಹೆಂಡತಿಗೂ ಕೊಡಿಸಿದರು. ಆಮೇಲೆ ಸಾಹುಕಾರರ ಕಡೆ ತಿರುಗಿ, “ಅಂಗಡಿಯಲ್ಲಿ ಯಾವುದು ಇವರಿಗೆ ಕಷ್ಟ, ಯಾವುದು ಇಷ್ಟ ಅಂತ ಇವರನ್ನೇ ಕೇಳಿ ಬದಲಾವಣೆ ಮಾಡಿ” ಅಂದರು. ಸಾಹುಕಾರರು ಹೂಂ ಅಂದರು. ಆದರೆ ಕೇಳಲಿಲ್ಲ! ತಮಗೆ ತಿಳಿದದ್ದನ್ನೇ ಮಾಡಿದರು.

ಏನು ಮಾಡಿದರು ಅಂದರೆ, ನನಗೆ ಆರಾಮ ಸಿಗಲಿ ಅಂತ ಮೇಲಿನ ದಾಸ್ತಾನು ಕೋಣೆಯಲ್ಲಿ ಕೂರಿಸಿದರು. ಗಿರಾಕಿ ಇಲ್ಲ, ಮಾತಿಲ್ಲ, ಗದ್ದಲ ಇಲ್ಲ. ಒಂದು ಫ್ಯಾನು, ಒಂದು ಕುರ್ಚಿ. ಹಳೆಯ ಸೀರೆಗಳ ಧೂಳು ಝಾಡಿಸಿ ಮಡಿಕೆ ಬದಲಿಸುವುದು. ಹೊತ್ತಿಗೆ ಸರಿಯಾಗಿ ಚಹಾ ಮೇಲೆ ಬರುತ್ತಿತ್ತು. ಕೆಳಗೆ ಮದುವೆ ಮಂದಿ ನಗುವುದು ಕೇಳುತ್ತಿತ್ತು. ಅವರಿಗೆ ಯಾರೋ ತಪ್ಪು ಸೀರೆ ತೋರಿಸುತ್ತಿದ್ದಾರೆ ಅಂತ ಇಲ್ಲಿಂದಲೇ ನನಗೆ ಗೊತ್ತಾಗುತ್ತಿತ್ತು. ಕೆಲವು ದಿನ ತಡೆದುಕೊಂಡೆ. ಒಂದು ಮಧ್ಯಾಹ್ನ ದಡದಡ ಇಳಿದು ಬಂದು ಗಲ್ಲಾದ ಮುಂದೆ ನಿಂತು, “ಸಾವ್ಕಾರ್ರ, ನಾನೇನ ಹಳೇ ಸ್ಟಾಕ್ ಏನ್ರಿ, ಮ್ಯಾಲೆ ಮುಚ್ಚಿಡಾಕ?” ಅಂದೆ.

ಅವರು ಕನ್ನಡಕ ತೆಗೆದು ಕೆಳಗಿಟ್ಟರು. “ಅಲ್ಲೋ ಮಾರಾಯಾ, ನಿನ್ನ ಮುಂದ ಕೂಡಿಸಿದ್ರ ಅಂಜತೀದಿ, ಹಿಂದ ಕೂಡಿಸಿದ್ರ ಸಿಟ್ಟ ಆಗತೀದಿ. ಮತ್ತ ಏನ ಮಾಡ್ಲಿ, ನೀನ ಹೇಳು.”

ಹೇಳು ಅಂದರಲ್ಲ! ಇಷ್ಟು ವರ್ಷದಲ್ಲಿ ಯಾರೂ ಕೇಳದ ಮಾತು. ನಾನು ಹೇಳಿದೆ. ಬೆಳಗ್ಗೆ ನನಗೆ ಆಗುವುದಿಲ್ಲ, ಮಕ್ಕಳನ್ನು ಸಾಲಿಗೆ ಕಳಿಸಿ ಬರುತ್ತೇನೆ. ಮದುವೆ ಜವಳಿ ನನಗೆ ಕೊಡಿ, ಅದು ನನ್ನ ಪ್ರಾಣ. ಕೊಪ್ಪಳಕ್ಕೆ ಹೋಗುವ ದಿನದ ಪಗಾರ ಹಿಡಿಯಬೇಡಿ. ಮತ್ತೆ, ಯಾರ ಮಾರಿ ನೋಡಿ ಬಂದಿ ಅನ್ನುವ ಚೇಷ್ಟೆ ನನಗಷ್ಟೇ ಅಲ್ಲ, ಯಾರಿಗೂ ಮಾಡಬಾರದು. ಅವರು ಒಂದೊಂದಕ್ಕೂ ತಲೆಯಾಡಿಸಿದರು. ಕಡೆಗೆ ತಲೆ ಕೆರೆದುಕೊಂಡು, “ಎಲ್ಲಾ ಆತು. ಬೋಣಿ ಯಾರ ಮಾಡಬೇಕು? ಯಾರನ್ನ ಕೂಡಿಸಿದ್ರೂ ನಾಳಿ ಅವರಿಗೂ ಇದ ಗತಿ” ಅಂದರು.

ಮೆಟ್ಟಿಲ ಮೇಲೆ ಅವ್ವಾರು ನಿಂತಿದ್ದರು. ಯಾವಾಗ ಬಂದಿದ್ದರೋ. ಬೋಣಿಯ ವಿಷಯದಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು ಅವರೇ. ಗಂಡ ಹೋದಾಗಿನಿಂದ ಬೋಣಿ ಆಗುವ ತನಕ ಅವರು ಕೆಳಗೆ ಇಳಿದವರಲ್ಲ. ಗಂಡನಿಲ್ಲದ ತಮ್ಮ ಮುಖ ಮೊದಲ ಗಿರಾಕಿಗೆ ಬೀಳಬಾರದೆಂದು ತಾವೇ ಹಾಕಿಕೊಂಡ ಕಟ್ಟು. ಈಗ ಬಯ್ಯುತ್ತಾರೆ ಅಂತ ನಾವು ಕಾದೆವು. ಅವರು, “ಬೋಣಿ ಅಂಗಡಿ ಸಲುವಾಗಿ ಇಟ್ಟದ್ದು, ಮನಷ್ಯಾನ ತಿನ್ನಾಕ ಇಟ್ಟದ್ದಲ್ಲ. ನಾಳಿ ನಾ ಕುಂದರ್ತೀನಿ. ಕೆಟ್ರ ನನ್ನ ಹೆಸರಿಗಿ ಕೆಡ್ಲಿ, ನನಗ್ಯಾರ ಏನ ಅಂತಾರ?” ಅಂದರು.

ಮರುದಿನ ಏನಾಗುತ್ತದೆಂದು ನೋಡುವ ಆಸೆ ತಡೆಯಲಾರದೆ ನಾನೂ ಬೇಗ ಹೋಗಿದ್ದೆ. ಅವ್ವಾರು ಗಾದಿಯ ನಟ್ಟನಡುವೆ ಕೂತಿದ್ದರು. ಮೊದಲ ಗಿರಾಕಿ ಒಬ್ಬ ಹೆಣ್ಣುಮಗಳು, ಟವೆಲ್ಲು ಕೇಳಿದಳು. ದರ ಇಳಿಸಲು ಕೇಳಿದ್ದಕ್ಕೆ ಅವ್ವಾರು, “ನೇಯ್ದವನ ಹೊಟ್ಟಿಗಿ ಏನ ಹಾಕ್ಲಿ?” ಅಂತ ಜಗಳಕ್ಕೇ ನಿಂತರು. ಆಕೆ ಟವೆಲ್ಲು ಬಿಟ್ಟು ಮೆಟ್ಟಿಲಿಳಿದು ಹೋದಳು. ಬೋಣಿ ಕೆಟ್ಟಿತು! ನಾವೆಲ್ಲ ಅವ್ವಾರ ಮುಖ ನೋಡಿದೆವು. ನನ್ನ ಅಂಗೈ ಬೆವರಿತು. ಅವ್ವಾರು ಸೆರಗು ಸರಿಮಾಡಿಕೊಂಡು, “ಹೋದ್ರ ಹೋಗ್ಲಿ, ಚಹಾ ತರಸ್ರಿ” ಅಂದರು. ಚಹಾ ಬಂತು. ಕುಡಿದೆವು. ಛಾವಣಿ ಬೀಳಲಿಲ್ಲ. ನಾನು ನಕ್ಕವನು ನಗುತ್ತಲೇ ಇದ್ದೆ, ಹೊಟ್ಟೆ ಹುಣ್ಣಾಗುವಷ್ಟು. ಆವತ್ತಿನ ವ್ಯಾಪಾರ ಹೇಗಾಯಿತು ಅಂತ ಕೇಳಬೇಡಿ, ನೆನಪಿಲ್ಲ. ನೆನಪಿಟ್ಟುಕೊಳ್ಳದೆ ಇದ್ದದ್ದೇ ನನಗೆ ದೊಡ್ಡದು.

ಒಂದೇ ಸಲಕ್ಕೆ ಎಲ್ಲ ಸರಿಹೋಯಿತು ಅಂತಲ್ಲ. ಕೆಲವು ದಿನ ಬೆಳಗ್ಗೆ ಈಗಲೂ ಎದೆ ಹಿಡಿಯುತ್ತದೆ. ಆಗ ಹೇಳಿ ತಡವಾಗಿ ಹೋಗುತ್ತೇನೆ, ಸುಳ್ಳು ಜ್ವರ ಬೇಕಾಗಿಲ್ಲ. ಆದರೆ ಕೊಪ್ಪಳದಲ್ಲಿ ಸಾಹುಕಾರರು ಆಡಿದ ಒಂದು ಮಾತು ಯಲಬುರ್ಗಾ ತಿರುಗಿ, ಕುಷ್ಟಗಿ ತಿರುಗಿ, ಗಂಗಾವತಿಗೆ ಬಂದು ಮುಟ್ಟಿತ್ತು. ಸಾಹುಕಾರರಿಗೆ ತಲೆ ಕೆಟ್ಟಿದೆಯಂತೆ, ಮುದುಕಿ ತಾಯಿಯನ್ನು ಗಾದಿಗೆ ಕೂಡಿಸಿದ್ದಾರಂತೆ, ಅಂಗಡಿ ಇನ್ನು ಮುಚ್ಚಿದಂತೆಯೇ. ಚಹಾದ ಅಂಗಡಿಯಲ್ಲಿ ನನ್ನ ಕಿವಿಗೇ ಬಿತ್ತು. ನಮ್ಮಲ್ಲಿ ಜವಳಿ ತೆಗೆಯಬೇಕಾಗಿದ್ದ ಒಂದು ಮನೆಯವರು ಶೋರೂಮಿಗೆ ಹೋದರು. ಸಾಹುಕಾರರು ಇದ್ಯಾವುದಕ್ಕೂ ಅಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ನಾನು ಮಾತೆತ್ತಿದರೆ, “ನೀ ಸೀರಿ ತೋರಸು” ಅನ್ನುತ್ತಿದ್ದರು.

ಮದುವೆಯ ಹಂಗಾಮು ಬಂತು. ಕುಷ್ಟಗಿ ಕಡೆಯ ಒಂದು ದೊಡ್ಡ ಮನೆತನದವರು ಜವಳಿಗೆ ಬಂದರು. ಗಾದಿಯ ತುಂಬ ಹೆಣ್ಣುಮಕ್ಕಳು, ನಡುವೆ ಮದುಮಗಳು. ನಾನು ಹುರುಪಿನಲ್ಲಿದ್ದೆ. ಸೆರಗಿನ ಮೇಲೆ ಸೆರಗು ಹರವುತ್ತಿದ್ದೆ. ಮದುಮಗಳ ತಾಯಿ ಸೀರೆ ನೋಡುತ್ತಿರಲಿಲ್ಲ, ಗಲ್ಲಾದಲ್ಲಿ ಕೂತಿದ್ದ ಸಾಹುಕಾರರನ್ನೇ ನೋಡುತ್ತಿದ್ದಳು. ಕಡೆಗೆ ನನ್ನ ಕಡೆ ಬಗ್ಗಿ, “ತಮ್ಮಾ, ನಿಮ್ಮ ಸಾವ್ಕಾರ್ಗ ಹುಚ್ಚ ಹಿಡದೈತಂತಲ್ಲ, ಖರೇ ಏನು? ಡಾ‌ಕ್ಟರ ಕಡೆ ಹೋಗ್ತಾರಂತ. ಇಂಥವರ ಕಡೆ ಜವಳಿ ತಗೀಬಾರ್ದು ಅಂತ ನಮ್ಮನ್ಯಾಗ ಅನ್ನಾಕತ್ಯಾರ” ಅಂದಳು. ಮೆಲ್ಲಗೇ ಅಂದಳು. ಆದರೆ ಹೆಣ್ಣುಮಕ್ಕಳೆಲ್ಲ ಗಲ್ಲಾದ ಕಡೆ ತಿರುಗಿದರು. ಸಾಹುಕಾರರು ತಲೆ ತಗ್ಗಿಸಿ ಏನೋ ಬರೆಯುವಂತೆ ಮಾಡಿದರು.

ಅದನ್ನು ನಗಿಸಿ ತೇಲಿಸಿಬಿಡುವುದು ನನಗೆ ಕಷ್ಟವಿರಲಿಲ್ಲ. ಬಾಯಿ ಅದಕ್ಕೇ ಹುಟ್ಟಿದ್ದು. ಆದರೆ ಆ ತಗ್ಗಿದ ತಲೆ ನೋಡಿ ಆಗಲಿಲ್ಲ. ಹೆದರಿಕೆಯೂ ಆಯಿತು. ಕೈಯಲ್ಲಿದ್ದ ಸೀರೆಯನ್ನು ಕೆಳಗಿಟ್ಟೆ.

“ಅವರಿಗಲ್ರಿ ಯವ್ವಾ” ಅಂದೆ. “ನನಗ. ಕೊಪ್ಪಳಕ್ಕ ಹೋಗಾಂವ ನಾನ. ಗುಳಿಗಿ ತಗೊಳ್ಳಾಂವ ನಾನ. ಹುಚ್ಚಲ್ರಿ ಅದು, ಅಂಜಿಕಿ. ಅಂಗಡಿ ಮೆಟ್ಲ ಹತ್ತಾಕ ಆಗ್ತಿದ್ದಿಲ್ಲ, ಬಸ್ ಸ್ಟ್ಯಾಂಡಿನ್ಯಾಗ ಕುಂದರ್ತಿದ್ದೆ. ಕಾಲುವಿ ತನಕಾನೂ ಹೋಗಿದ್ದೆ. ಇವರು ನನ್ನ ಮಾನ ಕಾಯಾಕ ತಮ್ಮ ಮ್ಯಾಲೆ ಹಾಕ್ಕೊಂಡ್ರು. ಈಗ ನಿಮ್ಮ ಮುಂದ ಕುಂತೀನಿ ನೋಡ್ರಿ. ನನ್ನ ಕಡಿಂದ ಸೀರಿ ನೋಡಾಕ ಮನಸ್ಸಿಲ್ಲಂದ್ರ ಬ್ಯಾರೆದವರನ್ನ ಕರೀತೀನಿ.”

ಮದುಮಗಳು ಕೆಳಗೆ ನೋಡುತ್ತ ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಎದ್ದು ಹೋಗುತ್ತಾರೆ ಅಂತ ನಾನು ಕಾದೆ. ಆ ತಾಯಿ ಗಾದಿಯ ಮೇಲೆ ನನ್ನ ಹತ್ತಿರಕ್ಕೆ ಸರಿದಳು. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಉಳಿದವರಿಗೆ ಕೇಳದ ಹಾಗೆ, “ಆ ಡಾಕ್ಟರು ಯಾವ್ಯಾವ ವಾರ ಇರ್ತಾರ ತಮ್ಮಾ? ನನ್ನ ಹಿರೇ ಮಗ ಕ್ವಾಣಿ ಬಿಟ್ಟ ಹೊರಗ ಬರವಲ್ಲ. ತಂಗಿ ಜವಳಿಗೂ ಬರಲಿಲ್ಲ. ಎಲ್ಲಾರಿಗೂ ದೇಸಾಂತ್ರ ಹೋಗ್ಯಾನ ಅಂತ ಹೇಳೀನಿ. ನಾಳಿನ ಅವನ್ನ ಬಸ್ಸಿಗಿ ಹತ್ತಿಸಿ ಕಳಸ್ಲೇನು?” ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಬೆನ್ನ ಹಿಂದಿನಿಂದ ಮೆಲ್ಲಗೆ ಮಾತು ಬಂತು. ಸಾಹುಕಾರರು ಗಲ್ಲಾ ಬಿಟ್ಟು ಎದ್ದು ಬಂದು ನಿಂತಿದ್ದರು.

“ಒಬ್ಬನ್ನ ಕಳಸಬ್ಯಾಡ್ರಿ ಯವ್ವಾ” ಅಂದರು. “ಕೂಡ ಹೋಗ್ರಿ.”